ಶೆಂಗೆನ್: ವೀಸಾದ ಮೇಲಿನ ಹೆಸರು, ಮೊಸೆಲ್ ತೀರದ ಊರು

ಯುರೋಪಿಗೆ ಹೋಗಿಬಂದ ನಮ್ಮವರ ಪಾಸ್‌ಪೋರ್ಟುಗಳಲ್ಲಿ ‘ಶೆಂಗೆನ್’ ಎಂಬ ಹೆಸರು ಅಚ್ಚಾಗಿರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಉದ್ಯೋಗದಲ್ಲಿರುವುದು ಇಂದು ಸಾಮಾನ್ಯ ಸಂಗತಿ. ಅವರನ್ನು ನೋಡಿಬರಲು ಹೊರಡುವ ತಂದೆತಾಯಿಗಳು ಮೊದಲು ಕಲಿಯುವ ಹೊಸ ಪದವೇ ಇದು. ಬ್ಯಾಂಕಿನ ಉದ್ಯೋಗದಲ್ಲಿರುವ ನಮಗಂತೂ ಬೇಸಿಗೆಯ ರಜೆ ಸಮೀಪಿಸಿದಂತೆ ‘ಶೆಂಗೆನ್‌ಗೆ ಸ್ಟೇಟ್‌ಮೆಂಟ್ ಬೇಕು, ಸೀಲು ಹಾಕಿ ಕೊಡಿ’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇದು ಯಾವುದೋ ಕಾಯಿದೆಯ ಸಂಕ್ಷಿಪ್ತ ಹೆಸರಿರಬೇಕೆಂದು ಹಲವರು ತಿಳಿದಿರುವುದುಂಟು. ವಾಸ್ತವವಾಗಿ ಶೆಂಗೆನ್ ಒಂದು ಊರು. ದ್ರಾಕ್ಷಿ ಬೆಳೆಯುವ, ನದೀದಂಡೆಯ, ಮೂರು ದೇಶಗಳು ಕೂಡುವಲ್ಲಿರುವ ಒಂದು ಸಣ್ಣ ಗ್ರಾಮೀಣ ಪುರಸಭೆ. ಅದರ ಪರಿಚಯವನ್ನೂ, ಅದರ ಹೆಸರು ಇಷ್ಟು ದೂರ ಬಂದ ಬಗೆಯನ್ನೂ ಈ ಲೇಖನದಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ನೆಲೆ ಮತ್ತು ಆಡಳಿತ

ಲಕ್ಸೆಂಬರ್ಗ್ ಪಶ್ಚಿಮ ಯುರೋಪಿನ ಒಂದು ಪುಟ್ಟ ದೇಶ. ಅದರ ವಿಸ್ತೀರ್ಣ 2,586 ಚದರ ಕಿಲೋಮೀಟರು. ನಮ್ಮ ಕೊಡಗು ಜಿಲ್ಲೆಯೇ 4,102 ಚದರ ಕಿಲೋಮೀಟರು ಇರುವುದರಿಂದ ದೇಶದ ಗಾತ್ರವನ್ನು ಓದುಗರು ಊಹಿಸಬಹುದು. ಪಶ್ಚಿಮಕ್ಕೆ ಬೆಲ್ಜಿಯಂ, ದಕ್ಷಿಣಕ್ಕೆ ಫ್ರಾನ್ಸ್, ಪೂರ್ವಕ್ಕೆ ಜರ್ಮನಿ. ಈ ದೇಶದ ಆಗ್ನೇಯ ಮೂಲೆಯಲ್ಲಿ, ಮೊಸೆಲ್ ನದಿಯ ಎಡದಂಡೆಯಲ್ಲಿ ಶೆಂಗೆನ್ ಇದೆ. ನದಿಯಾಚೆ ಎದುರಿಗೆ ಕಾಣುವ ಊರು ಜರ್ಮನಿಯ ಪೆರ್ಲ್. ಪೆರ್ಲ್‌ಗೆ ಹೊಂದಿಕೊಂಡೇ ಇರುವುದು ಫ್ರಾನ್ಸಿನ ಆಪಾಕ್. ಮೂರು ದೇಶಗಳ ಗಡಿಗಳು ಸಂಧಿಸುವ ಬಿಂದು ನದಿಯಲ್ಲಿಯೇ ಇದೆ. ಕಾಲ್ನಡಿಗೆಯಲ್ಲಿ ಸೇತುವೆ ದಾಟಿದರೆ ಬೆಳಗಿನ ತಿಂಡಿ ಒಂದು ದೇಶದಲ್ಲಿ, ಕಾಫಿ ಇನ್ನೊಂದರಲ್ಲಿ, ಊಟ ಮೂರನೆಯದರಲ್ಲಿ ಮುಗಿಸುವುದು ಇಲ್ಲಿ ಅತಿಶಯೋಕ್ತಿಯಲ್ಲ.

ಲಕ್ಸೆಂಬರ್ಗಿನಲ್ಲಿ ರಾಜಧಾನಿಯಾಗಲಿ ಹಳ್ಳಿಯಾಗಲಿ ಸ್ಥಳೀಯ ಆಡಳಿತದ ಘಟಕ ಒಂದೇ. ಅದನ್ನು ಕೊಮ್ಯೂನ್ ಎನ್ನುತ್ತಾರೆ. ಇಡೀ ದೇಶದಲ್ಲಿ ಇಂಥ 100 ಘಟಕಗಳಿವೆ. ಶೆಂಗೆನ್ ಹಳ್ಳಿಯು ಹಿಂದೆ ರೆಮರ್ಶೆನ್ ಎಂಬ ಪುರಸಭೆಗೆ ಸೇರಿತ್ತು. ಹಳ್ಳಿಯ ಹೆಸರು ಜಗತ್ತಿಗೆಲ್ಲ ಪರಿಚಿತವಾದ ಮೇಲೆ, 2006ರಲ್ಲಿ ಪುರಸಭೆಯೇ ತನ್ನ ಹೆಸರನ್ನು ಶೆಂಗೆನ್ ಎಂದು ಬದಲಾಯಿಸಿಕೊಂಡಿತು. 2012ರ ಜನವರಿಯಲ್ಲಿ ಬರ್ಮೆರಾಂಜ್ ಮತ್ತು ವೆಲ್ಲೆನ್‌ಸ್ಟೈನ್ ಎಂಬ ನೆರೆಯ ಪುರಸಭೆಗಳು ಇದರೊಡನೆ ವಿಲೀನವಾದವು. ಈಗ ಒಂಬತ್ತು ಹಳ್ಳಿಗಳು, ಸುಮಾರು 31 ಚದರ ಕಿಲೋಮೀಟರು ಭೂಮಿ, ಸುಮಾರು ಐದು ಸಾವಿರ ಜನ ಇದರ ವ್ಯಾಪ್ತಿಯಲ್ಲಿದ್ದಾರೆ. ಹೆಸರು ಶೆಂಗೆನ್ ಆದರೂ ಪುರಸಭೆಯ ಕಚೇರಿ ಇಂದಿಗೂ ರೆಮರ್ಶೆನ್‌ನಲ್ಲಿಯೇ ಇದೆ.

ಹೆಸರಿನ ಉಚ್ಚಾರಣೆಯ ವಿಷಯದಲ್ಲಿ ಒಂದು ಮಾತು. ಅಲ್ಲಿನ ಜನ ‘ಗ’ಕಾರವನ್ನು ಬಿಡಿಸಿ ಹೇಳುವುದಿಲ್ಲ; ಮೂಗಿನಿಂದ ಹೊರಡುವ ಒಂದೇ ಅನುನಾಸಿಕವಾಗಿ ನುಡಿಯುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಯಲ್ಲಿ ಕುಳಿತು, ಮಕ್ಕಳು ಬಾಯಿಪಾಠ ಮಾಡುವಾಗ ಮಾತ್ರ ನೆನಪಾಗುವ ‘ಙ’ಕಾರಕ್ಕೆ ಇಲ್ಲಿ ನಿತ್ಯ ಬಳಕೆಯಿದೆ.

ಇಬ್ಬರಿಗೂ ಸೇರಿದ ನದಿ

ಮೊಸೆಲ್ ನದಿ ಫ್ರಾನ್ಸಿನ ವೋಸ್ಜ್ ಬೆಟ್ಟಗಳಲ್ಲಿ ಹುಟ್ಟಿ, ಜರ್ಮನಿಯ ಕೋಬ್ಲೆನ್ಸ್ ನಗರದ ಬಳಿ ರೈನ್ ನದಿಯನ್ನು ಸೇರುತ್ತದೆ. ನಡುವೆ ಲಕ್ಸೆಂಬರ್ಗಿಗೂ ಜರ್ಮನಿಗೂ ಗಡಿಯಾಗಿ ಹರಿಯುತ್ತದೆ. ನದಿಯು ಗಡಿಯಾದಾಗ ಸಾಮಾನ್ಯವಾಗಿ ಅದರ ನಡುಗೆರೆಯನ್ನು ಹಿಡಿದು ಅರ್ಧ ನಿನಗೆ, ಅರ್ಧ ನನಗೆ ಎಂದು ಹಂಚಿಕೊಳ್ಳುವುದು ವಾಡಿಕೆ. ಇಲ್ಲಿ ಹಾಗಿಲ್ಲ. 1815ರ ವಿಯೆನ್ನಾ ಸಮ್ಮೇಳನದ ತರುವಾಯ ಆದ ಏರ್ಪಾಡಿನಂತೆ ಈ ಭಾಗದ ನದಿಯ ಇಡೀ ಹರವು ಎರಡೂ ದೇಶಗಳಿಗೆ ಜಂಟಿಯಾಗಿ ಸೇರಿದೆ. 1984ರಲ್ಲಿ ಲಕ್ಸೆಂಬರ್ಗ್ ಮತ್ತು ಜರ್ಮನಿ ಹೊಸ ಒಪ್ಪಂದದ ಮೂಲಕ ಈ ಸ್ಥಿತಿಯನ್ನು ಮತ್ತೆ ದೃಢಪಡಿಸಿದವು. ಅವಿಭಕ್ತ ಕುಟುಂಬದ ಹಿತ್ತಿಲ ಬಾವಿಯಂತೆ ಈ ನೀರಿನಲ್ಲಿ ಇಬ್ಬರಿಗೂ ಪೂರ್ಣ ಹಕ್ಕು. 1964ರಲ್ಲಿ ಮೊಸೆಲ್ ಅನ್ನು ದೊಡ್ಡ ಸರಕುದೋಣಿಗಳು ಸಂಚರಿಸುವಂತೆ ಕಟ್ಟೆ ಮತ್ತು ಜಲದ್ವಾರಗಳ ಮೂಲಕ ಸಜ್ಜುಗೊಳಿಸಿದಾಗಲೂ ಮೂರು ದೇಶಗಳು ಕೂಡಿಯೇ ಆ ಕೆಲಸ ಮಾಡಿದವು.

ಗಡಿಯ ಎರಡೂ ಕಡೆಯ ಜನರ ಆಡುಮಾತಿನಲ್ಲಿಯೂ ಹತ್ತಿರದ ನಂಟಿದೆ. ಲಕ್ಸೆಂಬರ್ಗಿಶ್ ಭಾಷೆಯನ್ನು 1984ರ ಕಾಯಿದೆ ಆ ದೇಶದ ರಾಷ್ಟ್ರಭಾಷೆಯೆಂದು ಸಾರಿತು. ಅದೇ ಬಳಗದ ಉಪಭಾಷೆಗಳು ನದಿಯಾಚೆಯ ಜರ್ಮನ್ ಹಳ್ಳಿಗಳಲ್ಲಿಯೂ ಫ್ರಾನ್ಸಿನ ಲೊರೇನ್ ಪ್ರಾಂತದ ಅಂಚಿನಲ್ಲಿಯೂ ಕೇಳಿಬರುತ್ತವೆ. ಕಾಸರಗೋಡು, ಅಕ್ಕಲಕೋಟೆ, ತಾಳವಾಡಿಗಳನ್ನು ಬಲ್ಲ ಕನ್ನಡಿಗರಿಗೆ, ನಕ್ಷೆಯ ಗೆರೆಯಲ್ಲಿಯೇ ಭಾಷೆ ನಿಲ್ಲುವುದಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಗಡಿ ಕಂಡ ಕಷ್ಟಗಳು

ಈ ಸೌಹಾರ್ದ ಸದಾ ಇದ್ದದ್ದಲ್ಲ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಲಕ್ಸೆಂಬರ್ಗ್ ತಟಸ್ಥ ದೇಶವಾಗಿತ್ತು. ಆದರೂ ಮುಂಜಾಗ್ರತೆಯಾಗಿ ಗಡಿಯ ರಸ್ತೆಗಳಲ್ಲಿ ಮತ್ತು ಸೇತುವೆಗಳಲ್ಲಿ ಕಾಂಕ್ರೀಟು ಗುಂಡುಗಳನ್ನೂ ಕಬ್ಬಿಣದ ಬಾಗಿಲುಗಳನ್ನೂ ನಿಲ್ಲಿಸಿತು. ‘ಶುಸ್ಟರ್ ರೇಖೆ’ ಎಂದು ಹೆಸರಾದ ಈ ತಡೆಯಿಂದ ಪ್ರಯೋಜನವೇನೂ ಆಗಲಿಲ್ಲ. 1940ರ ಮೇ 10ರಂದು ಜರ್ಮನ್ ಸೈನ್ಯ ಒಳನುಗ್ಗಿ ದೇಶವನ್ನು ಆಕ್ರಮಿಸಿತು. 1944-45ರ ಚಳಿಗಾಲದಲ್ಲಿ ಮೊಸೆಲ್ ಮತ್ತು ಸಾರ್ ನದಿಗಳ ನಡುವಣ ಪ್ರದೇಶದಲ್ಲಿ, ಅಂದರೆ ಶೆಂಗೆನ್‌ನ ಎದುರುದಂಡೆಯ ಸೀಮೆಯಲ್ಲಿ, ಅಮೆರಿಕದ ಮತ್ತು ಜರ್ಮನಿಯ ಸೈನ್ಯಗಳ ನಡುವೆ ಘೋರ ಕದನಗಳಾದವು. ಒಂದೇ ಬಗೆಯ ಮಾತನಾಡುವ, ಒಂದೇ ನದಿಯ ನೀರನ್ನು ಬಳಸುವ ಹಳ್ಳಿಗರು ಶತ್ರುಗಳೆನಿಸಿಕೊಂಡ ಕಾಲವದು. ಮುಂದೆ ನಲವತ್ತು ವರ್ಷಗಳಲ್ಲಿ ಇದೇ ತಾಣದಲ್ಲಿ ನಡೆದದ್ದರ ಬೆಲೆ ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

1985ರ ಒಪ್ಪಂದ

ಯುದ್ಧಾನಂತರ ಪಶ್ಚಿಮ ಯುರೋಪಿನ ದೇಶಗಳು ವ್ಯಾಪಾರದಲ್ಲಿ ಒಂದಾಗುತ್ತ ಬಂದರೂ ಗಡಿಗಳಲ್ಲಿ ಸುಂಕದ ಕಟ್ಟೆಗಳೂ ಪೊಲೀಸ್ ತಪಾಸಣೆಯೂ ಉಳಿದೇ ಇದ್ದವು. 1984ರ ಆರಂಭದಲ್ಲಿ ಗಡಿಗಳಲ್ಲಿ ದಿನಗಟ್ಟಲೆ ಕಾಯಬೇಕಾಗಿ ಬಂದ ಲಾರಿ ಚಾಲಕರು ರೊಚ್ಚಿಗೆದ್ದು ರಸ್ತೆತಡೆ ನಡೆಸಿದರು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳು ಸಾರ್‌ಬ್ರುಕೆನ್ ನಗರದಲ್ಲಿ ತಮ್ಮ ನಡುವಣ ತಪಾಸಣೆಯನ್ನು ಸಡಿಲಿಸುವ ಒಪ್ಪಂದ ಮಾಡಿಕೊಂಡವು. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೂರೂ ತಮ್ಮೊಳಗೆ ಮೊದಲೇ ಇಂಥ ಸಡಿಲಿಕೆ ಮಾಡಿಕೊಂಡಿದ್ದವು. ಈ ಐದೂ ದೇಶಗಳು ಕೈಜೋಡಿಸಲು ಮುಂದಾದಾಗ, ಸಹಿಗೆ ಆರಿಸಿಕೊಂಡದ್ದು ಶೆಂಗೆನ್ ಅನ್ನು. ಈ ಮೂರು ದೇಶಗಳ ಕೂಟ, ಫ್ರಾನ್ಸ್ ಮತ್ತು ಜರ್ಮನಿ ಒಂದನ್ನೊಂದು ಮುಟ್ಟುವ ಸ್ಥಳವೆಂಬುದೇ ಅದಕ್ಕೆ ಕಾರಣ.

1985ರ ಜೂನ್ 14ರಂದು ದಂಡೆಗೆ ಕಟ್ಟಿದ್ದ ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ವಿಹಾರ ನೌಕೆಯಲ್ಲಿ ಸಹಿಗಳಾದವು. ಬಂದವರಲ್ಲಿ ಪ್ರಧಾನಮಂತ್ರಿಗಳಾಗಲಿ ರಾಷ್ಟ್ರಾಧ್ಯಕ್ಷರಾಗಲಿ ಇರಲಿಲ್ಲ. ಲಕ್ಸೆಂಬರ್ಗಿನ ರಾಬರ್ಟ್ ಗೋಬೆಲ್ಸ್, ಫ್ರಾನ್ಸಿನ ಕ್ಯಾಥರೀನ್ ಲಾಲುಮಿಯೇರ್ ಮೊದಲಾದ ಎರಡನೆಯ ಸಾಲಿನ ಸಚಿವರೇ ತಂತಮ್ಮ ದೇಶಗಳ ಪರವಾಗಿ ಸಹಿ ಹಾಕಿದರು. ಆಗ ಯುರೋಪಿಯನ್ ಸಮುದಾಯದಲ್ಲಿ ಇದ್ದ ಹತ್ತು ದೇಶಗಳಲ್ಲಿ ಉಳಿದ ಐದು ದೂರವೇ ಉಳಿದವು.

ಒಪ್ಪಂದದ ಮೊದಲ ರೂಪ ತೀರ ಸಾಧಾರಣವಾದದ್ದು. ಗಡಿಯಲ್ಲಿ ಕಾರುಗಳನ್ನು ನಿಲ್ಲಿಸದೆ, ನಿಧಾನವಾಗಿ ಸಾಗುವಾಗ ಕಣ್ಣಲ್ಲೇ ನೋಡಿ ಬಿಡಬೇಕು. ಪ್ರಯಾಣಿಕರು ಕಾರಿನ ಮುಂಗಾಜಿಗೆ ಕನಿಷ್ಠ ಎಂಟು ಸೆಂಟಿಮೀಟರು ಅಗಲದ ಹಸಿರು ಬಿಲ್ಲೆಯೊಂದನ್ನು ಅಂಟಿಸಿಕೊಳ್ಳಬಹುದು. ತಾವು ನಿಯಮಬದ್ಧರು, ಸುಂಕದ ಸರಕು ತಂದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಒಂದು ಬಿಲ್ಲೆಯನ್ನು ನಂಬಿ ಗಡಿಯನ್ನು ತೆರೆಯಬಹುದೆಂಬ ಧೈರ್ಯದಿಂದ ಈ ಕಾರ್ಯ ಆರಂಭವಾಯಿತೆಂಬುದು ಗಮನಾರ್ಹ.

ಒಪ್ಪಂದದಿಂದ ವ್ಯವಸ್ಥೆಗೆ

ತಪಾಸಣೆಯನ್ನು ಪೂರ್ತಿ ತೆಗೆಯುವ ವಿವರಗಳು 1990ರ ಜೂನ್ 19ರ ಎರಡನೆಯ ದಸ್ತಾವೇಜಿನಲ್ಲಿ ಬಂದವು. ಅದಕ್ಕೂ ಶೆಂಗೆನ್‌ನಲ್ಲಿಯೇ ಸಹಿಯಾಯಿತು. ಅದು ಜಾರಿಗೆ ಬಂದದ್ದು 1995ರ ಮಾರ್ಚ್ 26ರಂದು, ಏಳು ದೇಶಗಳ ನಡುವೆ. 1999ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಪ್ಪಂದದ ಮೂಲಕ ಇದು ಯುರೋಪಿಯನ್ ಒಕ್ಕೂಟದ ಕಾನೂನಿನ ಭಾಗವಾಯಿತು. 2001ರಲ್ಲಿ ಉತ್ತರದ ದೇಶಗಳು, 2007ರಲ್ಲಿ ಪೋಲೆಂಡ್, ಹಂಗೇರಿ ಮೊದಲಾದ ಒಂಬತ್ತು ದೇಶಗಳು, 2008ರಲ್ಲಿ ಸ್ವಿಟ್ಜರ್ಲೆಂಡ್, 2023ರಲ್ಲಿ ಕ್ರೊಯೇಷಿಯಾ ಸೇರಿದವು. 2025ರ ಜನವರಿ 1ರಂದು ಬಲ್ಗೇರಿಯಾ ಮತ್ತು ರೊಮೇನಿಯಾಗಳ ಭೂಗಡಿಯೂ ತೆರೆದುಕೊಂಡು, ದೇಶಗಳ ಸಂಖ್ಯೆ 29 ಆಯಿತು. ಇವುಗಳಲ್ಲಿ ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್ಲೆಂಡ್, ಲೀಖ್ಟೆನ್‌ಸ್ಟೈನ್ ಎಂಬ ನಾಲ್ಕು ಒಕ್ಕೂಟದ ಹೊರಗಿನವು. ಒಕ್ಕೂಟದಲ್ಲಿದ್ದರೂ ಐರ್ಲೆಂಡ್ ಈ ವ್ಯವಸ್ಥೆಗೆ ಸೇರಿಲ್ಲ. ಒಟ್ಟು 45 ಕೋಟಿಗೂ ಹೆಚ್ಚು ಜನ ಇದರ ವ್ಯಾಪ್ತಿಯಲ್ಲಿದ್ದಾರೆ.

ಒಳಗಡಿಗಳನ್ನು ತೆರೆದಾಗ ಕಾವಲಿನ ಕೆಲಸ ಇಲ್ಲವಾಗಲಿಲ್ಲ, ಅದು ಸ್ಥಳಾಂತರವಾಯಿತು. ಪೋರ್ಚುಗಲ್ಲಿನಲ್ಲಿ ಇಳಿದವನು ಪೋಲೆಂಡಿನವರೆಗೆ ತಡೆಯಿಲ್ಲದೆ ಹೋಗಬಲ್ಲನಾದ್ದರಿಂದ ಪೋರ್ಚುಗಲ್ಲಿನ ಅಧಿಕಾರಿ ಪೋಲೆಂಡಿನ ಪರವಾಗಿಯೂ ಕಾವಲು ಕಾಯಬೇಕಾಗುತ್ತದೆ. ಇದಕ್ಕಾಗಿ ಎಲ್ಲ ದೇಶಗಳ ಪೊಲೀಸರು ಹಂಚಿಕೊಳ್ಳುವ ಮಾಹಿತಿ ಜಾಲವೊಂದು ರೂಪುಗೊಂಡಿತು. ವೀಸಾದ ನಿಯಮಗಳು ಏಕರೂಪವಾದವು. ಒಂದು ಶಾಖೆಯಲ್ಲಿ ಪರಿಶೀಲಿಸಿದ ಖಾತೆದಾರನನ್ನು ಬ್ಯಾಂಕಿನ ಉಳಿದೆಲ್ಲ ಶಾಖೆಗಳೂ ನಂಬುವಂತೆಯೇ ಇದು. ಆ ನಂಬಿಕೆ ಕುಸಿದ ದಿನ ಪ್ರತಿ ಶಾಖೆಯೂ ಮತ್ತೆ ಕಾಗದಪತ್ರ ಕೇಳತೊಡಗುತ್ತದೆ.

ಊರಿನ ಇಂದಿನ ಬದುಕು

ಇಷ್ಟಾದರೂ ಶೆಂಗೆನ್ ಹಳ್ಳಿಯಾಗಿಯೇ ಉಳಿದಿದೆ. ಶೆಂಗೆನ್‌ನಿಂದ ಉತ್ತರಕ್ಕೆ ವಾಸರ್‌ಬಿಲ್ಲಿಗ್‌ವರೆಗೆ ಸುಮಾರು 42 ಕಿಲೋಮೀಟರು ಉದ್ದಕ್ಕೂ ನದಿಯ ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳಿವೆ. ರೀಸ್ಲಿಂಗ್, ರಿವಾನರ್, ಒಸೆರ್ವಾ, ಪಿನೋ ಮುಂತಾದ ತಳಿಗಳನ್ನು ಬೆಳೆದು ಬಿಳಿಯ ವೈನ್ ತಯಾರಿಸುವುದು ಇಲ್ಲಿನ ಪರಂಪರೆಯ ಕಸುಬು. ಬೆಳೆಗಾರರ ಸಹಕಾರ ಸಂಘಗಳು ಕಟ್ಟಿದ ನೆಲಮಾಳಿಗೆಗಳು ವೆಲ್ಲೆನ್‌ಸ್ಟೈನ್ ಮತ್ತು ರೆಮರ್ಶೆನ್‌ಗಳಲ್ಲಿವೆ. ರೆಮರ್ಶೆನ್ ಬಳಿ ಜಲ್ಲಿ ಮರಳು ತೆಗೆದು ಬಿಟ್ಟ ಗುಂಡಿಗಳು ಕಾಲಕ್ರಮದಲ್ಲಿ ಕೆರೆಗಳಾಗಿ, ಇಂದು ಪಕ್ಷಿಗಳ ರಕ್ಷಿತ ತಾಣವಾಗಿವೆ. ಊರಿನ ಹಳೆಯ ಕೋಟೆಮನೆಯ ಗೋಪುರವನ್ನು ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ 1871ರಲ್ಲಿ ಬಂದಾಗ ಚಿತ್ರಿಸಿದ್ದನು.

ಸೇತುವೆಯ ಬಳಿ ಸಾಲುಸಾಲಾಗಿ ಪೆಟ್ರೋಲ್ ಬಂಕುಗಳು ಕಾಣುತ್ತವೆ. ಲಕ್ಸೆಂಬರ್ಗಿನಲ್ಲಿ ಇಂಧನದ ಮೇಲಿನ ತೆರಿಗೆ ಕಡಿಮೆಯಿರುವುದರಿಂದ ಆಚೆಯ ಜರ್ಮನರೂ ಫ್ರೆಂಚರೂ ಇಲ್ಲಿಗೆ ಬಂದು ಟ್ಯಾಂಕು ತುಂಬಿಸಿಕೊಳ್ಳುತ್ತಾರೆ. ಗಡಿಯಲ್ಲಿ ಕಾವಲು ಇಲ್ಲದಿದ್ದರೂ ತೆರಿಗೆ, ವೇತನ, ಬಾಡಿಗೆಗಳಲ್ಲಿ ಗಡಿ ಇದ್ದೇ ಇದೆಯೆಂಬುದಕ್ಕೆ ಈ ಬಂಕುಗಳು ನಿದರ್ಶನ. ಬ್ಯಾಂಕಿಂಗ್ ಕೇಂದ್ರವಾದ ಲಕ್ಸೆಂಬರ್ಗಿಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಪ್ರತಿದಿನ ಎರಡು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕೆಲಸಕ್ಕೆ ಬಂದು ಹೋಗುತ್ತಾರೆ. ವಿರಾರ್, ಕಲ್ಯಾಣಗಳಿಂದ ಮುಂಬಯಿಯ ಕೋಟೆ ಪ್ರದೇಶಕ್ಕೆ ಬರುವ ನೌಕರರಂತೆಯೇ ಅವರೂ. ವ್ಯತ್ಯಾಸವೆಂದರೆ ಅವರ ಮನೆ ಒಂದು ದೇಶದಲ್ಲಿ, ಕಚೇರಿ ಇನ್ನೊಂದರಲ್ಲಿ. ಮಕ್ಕಳಿಗಾಗಿ 2007ರಲ್ಲಿ ಪೆರ್ಲ್‌ನಲ್ಲಿ ಆರಂಭವಾದ ‘ಶೆಂಗೆನ್ ಲಿಸೇಯುಂ’ ಶಾಲೆಯನ್ನು ಜರ್ಮನಿ ಮತ್ತು ಲಕ್ಸೆಂಬರ್ಗ್ ಜಂಟಿಯಾಗಿ ನಡೆಸುತ್ತವೆ.

ಹೊರನಾಡಿನಲ್ಲಿ ಬದುಕುವ ನಮ್ಮಂಥವರಿಗೆ ಆಸಕ್ತಿಯೆನಿಸುವ ಇನ್ನೊಂದು ಸಂಗತಿಯಿದೆ. ಲಕ್ಸೆಂಬರ್ಗಿನ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ವಿದೇಶೀಯರು. 2022ರ ಕಾನೂನಿನ ತಿದ್ದುಪಡಿಯಿಂದಾಗಿ, ಯಾವ ದೇಶದ ಪೌರರಾದರೂ ಸರಿ, ಎಷ್ಟು ವರ್ಷದಿಂದ ವಾಸವಿದ್ದರೂ ಸರಿ, ಹೆಸರು ನೋಂದಾಯಿಸಿಕೊಂಡ ವಯಸ್ಕ ನಿವಾಸಿ ಪುರಸಭೆಯ ಚುನಾವಣೆಯಲ್ಲಿ ಮತ ಹಾಕಬಹುದು. 2023ರ ಜೂನ್‌ನಲ್ಲಿ ನಡೆದ ಚುನಾವಣೆ ಈ ನಿಯಮದಂತೆ ನಡೆದ ಮೊದಲನೆಯದು. ಊರಿನ ಬೀದಿದೀಪ, ನೀರು, ಶಾಲೆಗಳ ವಿಷಯದಲ್ಲಿ ಅಲ್ಲಿ ಬಾಳುವವನಿಗೆ ಮಾತಿರಬೇಕೆಂಬ ಈ ವಿಚಾರ ಮನನೀಯವಾದುದು.

ಮತ್ತೆ ಬಂದ ತಪಾಸಣೆ

2020ರ ಮಾರ್ಚ್ 16ರಂದು, ಕೊರೊನಾ ಸೋಂಕಿನ ಭಯದಲ್ಲಿ, ಜರ್ಮನಿಯು ಲಕ್ಸೆಂಬರ್ಗ್ ಗಡಿಯಲ್ಲಿ ತಪಾಸಣೆಯನ್ನು ಮರಳಿ ತಂದಿತು. ಹಲವು ಸಣ್ಣ ದಾರಿಗಳು ಮುಚ್ಚಿದವು. ಒಂದು ಊರಿನ ಎರಡು ಬೀದಿಗಳಂತೆ ಬದುಕಿದ್ದ ಜನ ಸುತ್ತು ಬಳಸಿ, ಸಾಲಿನಲ್ಲಿ ನಿಂತು, ಕೆಲಸಕ್ಕೆ ಹೋಗುತ್ತಿರುವುದಕ್ಕೆ ಪುರಾವೆ ತೋರಿಸಬೇಕಾಯಿತು. ಶೆಂಗೆನ್‌ನಲ್ಲಿ ಯುರೋಪಿನ ಧ್ವಜವನ್ನು ಅರ್ಧಕ್ಕೆ ಇಳಿಸಿ ಜನ ತಮ್ಮ ನೋವನ್ನು ತೋಡಿಕೊಂಡರು. ಮೇ ತಿಂಗಳ ನಡುವಿನಲ್ಲಿ ತಪಾಸಣೆ ನಿಂತಿತು.

ಅದೇ ಮಾರ್ಚ್ ತಿಂಗಳಲ್ಲಿ ನಮ್ಮ ದೇಶದೊಳಗೇ ಕರ್ನಾಟಕ-ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಸಂಚಾರ ತಡೆದದ್ದು ಓದುಗರಿಗೆ ನೆನಪಿರಬಹುದು. ಚಿಕಿತ್ಸೆಗಾಗಿ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಜನ ತಲಪಾಡಿಯಲ್ಲಿ ನಿಲ್ಲಬೇಕಾಯಿತು. ವಿವಾದ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಅಂತಾರಾಷ್ಟ್ರೀಯ ಗಡಿಯಾಗಲಿ ರಾಜ್ಯದ ಗಡಿಯಾಗಲಿ, ಅದು ತೆರೆದಿರುವಾಗ ಅದರ ಮೇಲೆ ನಿಂತ ಬದುಕು ಎಷ್ಟೆಂಬುದು ಮುಚ್ಚಿದ ದಿನವೇ ಲೆಕ್ಕಕ್ಕೆ ಸಿಗುತ್ತದೆ.

ಜರ್ಮನಿಯು 2024ರ ಸೆಪ್ಟೆಂಬರ್ 16ರಿಂದ, ಈ ಸಲ ಅಕ್ರಮ ವಲಸೆಯ ಕಾರಣವನ್ನು ಮುಂದಿಟ್ಟು, ತನ್ನ ಎಲ್ಲ ಭೂಗಡಿಗಳಲ್ಲಿಯೂ ತಪಾಸಣೆ ಆರಂಭಿಸಿತು. ಅವಧಿಯನ್ನು ಮುಂದೆಯೂ ವಿಸ್ತರಿಸಿತು. ಇದು ತಾತ್ಕಾಲಿಕ ಕ್ರಮವೆಂದು ಕಾನೂನು ಹೇಳುತ್ತದೆ. 2025ರಲ್ಲಿ ಲಕ್ಸೆಂಬರ್ಗ್ ಸರ್ಕಾರ ಈ ಬಗ್ಗೆ ಯುರೋಪಿಯನ್ ಆಯೋಗದ ಮುಂದೆ ಆಕ್ಷೇಪ ಎತ್ತಿತು. ಅದೇ ವರ್ಷದ ಜೂನ್‌ನಲ್ಲಿ ಒಪ್ಪಂದದ 40ನೆಯ ವರ್ಷಾಚರಣೆ ನಡೆದು, ಸಹಿಗಳಾದ ಹಳೆಯ ನೌಕೆಯನ್ನು ದುರಸ್ತಿ ಮಾಡಿ ಶೆಂಗೆನ್‌ಗೆ ಮರಳಿ ತರಲಾಯಿತು. ಸಂಭ್ರಮ ಈ ದಡದಲ್ಲಿ ನಡೆದಾಗ ತಪಾಸಣೆಯ ಆದೇಶ ಆ ದಡದಲ್ಲಿ ಜಾರಿಯಲ್ಲಿತ್ತು.

ನಮ್ಮವರಿಗೆ ಶೆಂಗೆನ್

ಒಳಬಾಗಿಲು ತೆರೆದ ಮನೆಯಲ್ಲಿ ಹೊರಬಾಗಿಲಿಗೆ ಬೀಗ ಬಿಗಿಯಾಗುವುದು ಸಹಜ. ಆ ಹೊರಬಾಗಿಲಿನಲ್ಲಿ ನಿಲ್ಲುವವರು ನಾವು. ಭಾರತೀಯ ಪ್ರವಾಸಿಗೆ ಸಿಗುವ ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಅಲ್ಲಿರಬಹುದು. ಹೆಚ್ಚು ದಿನ ಇರುವ ದೇಶದ ಮೂಲಕ ಅರ್ಜಿ ಹಾಕಬೇಕು. ಎಲ್ಲ ದೇಶಗಳಲ್ಲಿಯೂ ಸಮನಾಗಿ ಇರುವುದಾದರೆ ಮೊದಲು ಕಾಲಿಡುವ ದೇಶದ ಮೂಲಕ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನ್‌ನಿಂದ ವಯಸ್ಕರ ಅರ್ಜಿಯ ಶುಲ್ಕ 90 ಯೂರೋ. ವೀಸಾ ನಿರಾಕರಿಸಿದರೂ ಈ ಹಣ ಮರಳುವುದಿಲ್ಲ. ಖಾತೆಯಲ್ಲಿ ಅರ್ಜಿಗೆ ಮುನ್ನ ದೊಡ್ಡ ಮೊತ್ತವನ್ನು ಒಮ್ಮೆಲೇ ತುಂಬುವುದಕ್ಕಿಂತ ಕ್ರಮಬದ್ಧವಾದ ವ್ಯವಹಾರ ಕಾಣುವುದು ಮೇಲೆಂದು ನಮ್ಮ ಅನುಭವದ ಸಲಹೆ.

2024ರ ಏಪ್ರಿಲ್‌ನಿಂದ ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆ ಒಂದು ಅನುಕೂಲವಾಗಿದೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ನಿಯಮದಂತೆ ಬಳಸಿದವರು ಎರಡು ವರ್ಷದ, ಹಲವು ಸಲ ಹೋಗಿಬರಬಹುದಾದ ವೀಸಾ ಪಡೆಯಬಹುದು. ಅದನ್ನೂ ಸರಿಯಾಗಿ ಬಳಸಿದರೆ, ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದಲ್ಲಿ, ಐದು ವರ್ಷದ್ದು. ಜೊತೆಗೆ 2025ರ ಅಕ್ಟೋಬರ್ 12ರಿಂದ ಹೊರಗಿನವರ ಬೆರಳಚ್ಚು ಮತ್ತು ಭಾವಚಿತ್ರಗಳನ್ನು ಗಡಿಯಲ್ಲಿ ಕಂಪ್ಯೂಟರಿಗೆ ಸೇರಿಸುವ ಹೊಸ ಪದ್ಧತಿ ಹಂತಹಂತವಾಗಿ ಆರಂಭವಾಯಿತು. ಆದ್ದರಿಂದ ದಿನಗಳ ಲೆಕ್ಕದಲ್ಲಿ ಒಂದು ದಿನವೂ ತಪ್ಪದಂತೆ ಎಚ್ಚರ ವಹಿಸುವುದು ಲೇಸು.

ಉಪಸಂಹಾರ

ಮುಂಬಯಿಯವರು 2017ರ ಜುಲೈ 1ರವರೆಗೆ ನಗರದ ದ್ವಾರಗಳಲ್ಲಿ ಆಕ್ಟ್ರಾಯ್ ನಾಕಾಗಳನ್ನೂ ಲಾರಿಗಳ ಸಾಲನ್ನೂ ಕಂಡವರೇ. ಅವು ಹೋದ ಮೇಲೆ ಅವುಗಳ ನೆನಪೂ ಮಾಸುತ್ತಿದೆ. ತೆರೆದ ದಾರಿಯ ಸ್ವಭಾವವೇ ಅಂಥದ್ದು. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ. ಶೆಂಗೆನ್‌ನಲ್ಲಿಯೂ ಗಡಿಯ ಗೆರೆ ಅಳಿಸಿಹೋಗಿಲ್ಲ. ಅದರ ಮೇಲೆ ನಿಲ್ಲಿಸಿ ಕೇಳುವವರು ಇರಬಾರದೆಂದು ನೆರೆಹೊರೆಯವರು ಮಾತುಕೊಟ್ಟಿದ್ದಾರೆ, ಅಷ್ಟೇ. ಮಾತು ಉಳಿಸಿಕೊಳ್ಳುವುದು ಪ್ರತಿದಿನದ ಕೆಲಸವೆಂದು ಇತ್ತೀಚಿನ ವರ್ಷಗಳು ತೋರಿಸಿವೆ.

ಯುರೋಪಿಗೆ ಹೋಗುವ ನಮ್ಮ ಬಾಂಧವರು ಪ್ಯಾರಿಸ್, ರೋಮ್‌ಗಳ ನಡುವೆ ಅರ್ಧ ದಿನವನ್ನು ಈ ಊರಿಗೂ ಮೀಸಲಿಡಬಹುದು. 2020ರ ಫೆಬ್ರವರಿ 29ರಿಂದ ಲಕ್ಸೆಂಬರ್ಗಿನಲ್ಲಿ ಬಸ್ಸು ರೈಲುಗಳ ಸಾಮಾನ್ಯ ದರ್ಜೆಯ ಪ್ರಯಾಣ ಎಲ್ಲರಿಗೂ ಉಚಿತ. ಜರ್ಮನಿಯ ಕಡೆಯಿಂದ ಬರುವವರು ಪೆರ್ಲ್ ರೈಲು ನಿಲ್ದಾಣದಲ್ಲಿಳಿದು ಸೇತುವೆಯ ಮೇಲೆ ನಡೆದೇ ಬರಬಹುದು. ನದೀದಂಡೆಯಲ್ಲಿ 2010ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಒಂದು ಕಾಲದಲ್ಲಿ ಗಡಿ ಕಾಯುತ್ತಿದ್ದ ನಾನಾ ದೇಶಗಳ ಅಧಿಕಾರಿಗಳ ಟೋಪಿಗಳು ಅಲ್ಲಿ ಗಾಜಿನ ಹಿಂದಿವೆ. ಹೊರಗೆ ಬರ್ಲಿನ್ ಗೋಡೆಯ ತುಂಡುಗಳನ್ನು ನಿಲ್ಲಿಸಿದ್ದಾರೆ. ಆ ಟೋಪಿಗಳು ಗಾಜಿನ ಹಿಂದೆಯೇ ಉಳಿಯಲೆಂದು ನಾವೂ ಹಾರೈಸೋಣ.